ಬಚ್ಚಲಮನೆಯ ಹಿತ್ತಾಳೆ ವಾಲ್ವ್

ಸೋಮವಾರ ಬೆಳಿಗ್ಗೆ 9.40ಕ್ಕೆ ನಿವೃತ್ತ ಗಣಿತದ ಟೀಚರೊಬ್ಬರು ಠಾಣೆಗೆ ಬಂದು, ತಮ್ಮ ಬಚ್ಚಲಮನೆಯಲ್ಲಿ ಯಾರೋ ಕ್ಯಾಮೆರಾ ಇಟ್ಟಿದ್ದಾರೆಂದು ದೂರು ಕೊಟ್ಟರು.

"ಎಲ್ಲಿ?" ಎಂದರು ಇನ್‌ಸ್ಪೆಕ್ಟರ್ ಮೇಡಂ.

"ಗೀಸರ್‌ಗೆ ಕಚ್ಚಿಸಿದ್ದಾನೆ. ಹಿತ್ತಾಳೇದು, ಪಳಪಳ ಅಂತಿದೆ."

"ಇಟ್ಟೋನು ಯಾರು?"

"ವಯಸ್ಸಾದವ್ನು. ನೀರಿನ ಇಲಾಖೆಯಿಂದ ಬಂದೆ, ಸೋರಿಕೆ ನೋಡ್ಬೇಕು ಅಂದ. ಮುಕ್ಕಾಲು ಗಂಟೆ ಒಳಗಿದ್ದ. ಹೋಗೋವಾಗ ಬಚ್ಚಲು ಉಜ್ಜಿಟ್ಟು ಹೋದ ಮೇಡಂ. ಅಲ್ಲೇ ನಂಗೆ ಅನುಮಾನ ಬಂದಿದ್ದು."

ಠಾಣೆಯವರೆಲ್ಲ 'ಮೀಸೆ' ಎನ್ನುವ ಹೆಡ್ ಕಾನ್‌ಸ್ಟೆಬಲ್ ನಗು ನುಂಗಿಕೊಂಡು ದೂರು ಬರೆದುಕೊಂಡ. ನೀರಿನ ಇಲಾಖೆ ತಾನು ಯಾರನ್ನೂ ಕಳಿಸಿಲ್ಲ ಎಂದಿತು. ಸುಳ್ಳು ಹೇಳಿ ಮನೆ ಹೊಕ್ಕದ್ದಕ್ಕೆ ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಪಂಚನಾಮೆ. ಮೂರು ಬೆರಳುದ್ದದ ಹಿತ್ತಾಳೆ ವಸ್ತು, ಅದಕ್ಕೊಂದು ಪುಟ್ಟ ಹಿಡಿ, ಕೆಳಮುಖವಾದ ಪೈಪು. ಕರೆಸಿದ ಮೆಕ್ಯಾನಿಕ್ ಅದನ್ನು ನೋಡಿ ತಲೆ ಕೆರೆದುಕೊಂಡ.

"ಇದು ಪ್ರೆಶರ್ ರಿಲೀಫ್ ವಾಲ್ವ್ ಮೇಡಂ. ಒಳಗೆ ಒತ್ತಡ ಜಾಸ್ತಿಯಾದ್ರೆ ನೀರು ಹೊರಗೆ ಬಿಡತ್ತೆ. ಇಲ್ದಿದ್ರೆ ಟ್ಯಾಂಕೇ ಸಿಡಿಯತ್ತೆ. ಹೊಸದು. ಕೂರಿಸಿರೋದು ನಂಗಿಂತ ಚೆನ್ನಾಗಿದೆ."

"ಮುಂಚೆ ಅಲ್ಲೇನಿತ್ತು?"

"ಒಂದು ಕಬ್ಬಿಣದ ಬಿರಡೆ ಇತ್ತು" ಎಂದರು ಟೀಚರು. "ಅದನ್ನ ತಗೊಂಡು ಹೋಗಿದ್ದಾನೆ."

ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ, ತುಕ್ಕು ಹಿಡಿದ ಬಿರಡೆ ಒಯ್ದು ಹೊಸ ವಾಲ್ವ್ ಬಿಟ್ಟುಹೋದ ಕಳ್ಳನನ್ನು ಮೇಡಂ ಕಂಡಿರಲಿಲ್ಲ. ಜೀಪು ಹತ್ತುವಾಗ ಅವರಿಗೆ ಅರಿವಿಲ್ಲದೆಯೇ ಹಾಡು ಗುನುಗುವಂತಾಯಿತು.

ಮಂಗಳವಾರ ಅದೇ ಬೀದಿಗಳಲ್ಲಿ ವಿಚಾರಿಸಿದಾಗ ಇನ್ನೂ ಮೂರು ಮನೆಗಳಲ್ಲಿ ಇದೇ ಕೈಚಳಕ ಕಂಡಿತು. ನಾಲ್ಕೂ ಗೀಸರ್ ಒಂದೇ ಅಂಗಡಿಯವು. ಅಂಗಡಿಯ ಹಳೆಯ ಸರ್ವೀಸ್ ಪುಸ್ತಕದಲ್ಲಿ ಐದು ವಿಳಾಸಗಳ ಮುಂದೆ ಒಂದೇ ಕೈಬರಹ: 'ವಾಲ್ವ್ ಸೋರುತ್ತಿತ್ತು, ಬಿರಡೆ ಹಾಕಿದೆ.' ಐದನೆಯದು ದರ್ಜಿಯ ಮನೆ. ಮನೆಯವರು ಊರಿಗೆ ಹೋಗಿದ್ದು, ಬುಧವಾರ ಮರಳುವವರಿದ್ದರು.

ಬುಧವಾರ 10.25ಕ್ಕೆ ಮೇಡಂ, ಮೀಸೆ ದರ್ಜಿಯ ಹೆಂಡತಿ ತೋರಿಸಿದ ಬಚ್ಚಲಿನ ಬಾಗಿಲಲ್ಲಿ ನಿಂತಾಗ ಮುದುಕ ಮೊಣಕಾಲೂರಿ ಕೂತಿದ್ದ. ಅಂಗಡಿಯ ಹಳೆಯ ಫಿಟ್ಟರ್. ಬಿರಡೆ ಆಗಲೇ ಕಳಚಿತ್ತು.

"ಏಳಪ್ಪ" ಎಂದ ಮೀಸೆ.

"ಬರ್ತೀನಿ ಸಾರ್. ಆದ್ರೆ ಹೀಗೆ ಅರ್ಧಕ್ಕೆ ಬಿಟ್ಟು ಬರಕ್ಕಾಗಲ್ಲ."

ಮೇಡಂ ಗಡಿಯಾರ ನೋಡಿದರು. "ಮುಗಿಸಿ. ಏನೇನು ಮಾಡ್ತೀರೋ ಹೇಳ್ಕೊಂಡೇ ಮಾಡಿ."

"ಮೊದ್ಲು ಕರೆಂಟ್ ಮೇನ್‌ನಲ್ಲೇ ಆಫ್. ತಣ್ಣೀರು ಬಂದ್ ಮಾಡಿ, ಗೀಸರ್ ಆರಿದ್ಮೇಲೆ ನೀರು ಖಾಲಿ. ಅದೆಲ್ಲ ಆಗಿದೆ." ಅವನು ವಾಲ್ವಿನ ತಿರುಪು ಸುರುಳಿಗೆ ಬಿಳಿ ಟೇಪು ಸುತ್ತಿ, ಕೈಯಲ್ಲೇ ತಿರುಗಿಸಿ, ಕೊನೆಗಷ್ಟೇ ಸ್ಪ್ಯಾನರ್ ಹಿಡಿದ. "ಟ್ಯಾಂಕಿಗೂ ಇದಕ್ಕೂ ಮಧ್ಯೆ ಬೇರೆ ನಲ್ಲಿ ಇರಬಾರ್ದು. ಈ ಪೈಪಿನ ಬಾಯಿ ಕೆಳಗಡೆ ಇರ್ಬೇಕು, ಯಾವತ್ತೂ ಮುಚ್ಚಬಾರ್ದು. ಹನಿಕ್ತು ಅಂತ ಮುಚ್ಚಿದ್ರೆ ಕೆಟ್ಟಿರಿ."

ಟ್ಯಾಂಕ್ ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಒಂದೇ ಸಮ ಬರುವವರೆಗೆ ಕಾದ. ಹಿಡಿ ಎತ್ತಿದ, ಪೈಪಿನಿಂದ ನೀರು ಚಿಮ್ಮಿತು. ಬಿಟ್ಟ, ನಿಂತಿತು. ಆಮೇಲೆ ಕರೆಂಟ್ ಹಾಕಿದ. ಆಮೇಲಷ್ಟೇ ಎರಡೂ ಕೈ ಚಾಚಿದ.

11.10ಕ್ಕೆ ದಸ್ತಗಿರಿ.

"ನಿಜ ಹೇಳಿ ಒಳಗೆ ಬರಬಹುದಿತ್ತಲ್ಲ?"

"ಪದೇ ಪದೇ ಕರೀತಾರೆ ಅಂತ ಬೇಜಾರಾಗಿ ಬಿರಡೆ ಹೊಡೆದೋನು ನಾನೇ, ಮೇಡಂ. ಹೋದ ತಿಂಗಳು ನನ್ನ ತಂಗಿ ಮನೇಲಿ ಅಂಥದ್ದೇ ಬಿರಡೆ ಹಾಕಿದ್ದ ಗೀಸರ್ ಸಿಡೀತು. ಮಗೂನ ಸ್ನಾನ ಮಾಡಿಸಿ ಆಗಷ್ಟೇ ಎತ್ಕೊಂಡು ಬಂದಿದ್ಲು. ಅವತ್ತಿಂದ ನಿದ್ದೆ ಇಲ್ಲ. ನಾನೇ ಮಾಡಿದ್ದು ಅಂತ ಹೇಳಕ್ಕೆ ಮುಖ ಇರ್ಲಿಲ್ಲ."

ಠಾಣೆಯಲ್ಲೇ ಜಾಮೀನಾಯಿತು. ಜಾಮೀನಿಗೆ ಸಹಿ ಹಾಕಿದವರು ಟೀಚರೇ. ಸಂಜೆ ಅವರು, ಮೀಸೆ ಇಬ್ಬರೂ ಅವನನ್ನು ಉಳಿದ ನಾಲ್ಕು ಮನೆಗಳಿಗೆ ಕರೆದೊಯ್ದು ನಿಜ ಹೇಳಿಸಿದರು. ಮೊದಲ ಮನೆಯಲ್ಲಿ ಬೈಗುಳ, ಎರಡನೆಯದರಲ್ಲಿ ಕಾಫಿ, ಮೂರನೆಯದರಲ್ಲಿ ಎರಡೂ ಸಿಕ್ಕವು.

ಕೊನೆಯಲ್ಲಿ, ಬೆಳಗಿನ ದಸ್ತಗಿರಿ ಏಕೆಂದೇ ತಿಳಿಯದಿದ್ದ ದರ್ಜಿಯ ಹೆಂಡತಿ ಕತ್ತರಿ ಕೆಳಗಿಟ್ಟು, ಎಲ್ಲವನ್ನೂ ಕೇಳಿ, ಮೆಟ್ಟಿಲ ಕಡೆ ನೋಡಿದಳು.

"ಮಹಡಿ ಮೇಲೆ ಅತ್ತೆಗೆ ಅಂತ ಇನ್ನೊಂದು ಗೀಸರ್ ಇದೆ" ಎಂದಳು. "ನಾಳೆ ಬಂದು ಅದನ್ನೂ ನೋಡ್ತೀರಾ, ಅಣ್ಣ?"