ಸಡಿಲ ಬಿಟ್ಟು ಕಟ್ಟಿದ ಗಂಟೆ

೨೦೦೮ರ ನವೆಂಬರ್ ೧೮, ಮಂಗಳವಾರ. ಸಂಜೆ ನಾಲ್ಕೂವರೆಗೆ ಕುಮಟಾ ಠಾಣೆಗೆ ಬಂದ ಶ್ರೀಧರ ಶಾನಭಾಗ ಕುರ್ಚಿ ಕೊಟ್ಟರೂ ಕೂರಲಿಲ್ಲ. ವಿದ್ಯುತ್ ಕಾರು ತಯಾರಿಸುವ ಕಂಪನಿಯೊಂದರ ಮ್ಯಾನೇಜರ್ ಆತ. ಪರೀಕ್ಷೆಗೆಂದು ಓಡಿಸುತ್ತಿದ್ದ ಅವರ ಕಾರು ಮಧ್ಯಾಹ್ನ ಮಿರ್ಜಾನ್ ಹತ್ತಿರದ ಇಳಿಜಾರಿನಲ್ಲಿ ಮೋರಿಗೆ ಬಡಿದು ಮಗುಚಿತ್ತು. ಚಾಲಕ ವಿಶ್ವನಾಥ, ಹೊನ್ನಾವರದ ಹುಡುಗ, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದ.

“ಇದು ಅಪಘಾತ ಅಲ್ಲ ಸರ್. ಬ್ರೇಕ್ ಕಿತ್ತಿದ್ದಾರೆ. ಯಾರು ಅಂತಲೂ ಗೊತ್ತುಂಟು. ಬರ್ಕೊಳ್ಳಿ.”

“ಯಾರು?” ಇನ್‌ಸ್ಪೆಕ್ಟರ್ ವೆಂಕಟ್ರಮಣ ಹರಿಕಾಂತ ಕೇಳಿದರು.

“ಹೈಬ್ರಿಡ್ ಕಾರಿನವರು. ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವಂಥದ್ದು. ನಮ್ಮದು ಯುಗಾದಿಗೆ ಮಾರ್ಕೆಟ್ಟಿಗೆ ಬರ್ತದೆ. ಅವರದ್ದು ಇನ್ನೂ ತಯಾರಿಲ್ಲ. ಹೊಟ್ಟೆಕಿಚ್ಚು.”

ಉಪ್ಪುಗಾಳಿಗೆ ಬ್ಯಾಟರಿ ತಡೆಯುತ್ತದೋ ಇಲ್ಲವೋ ನೋಡಲು ಎರಡೂ ಕಂಪನಿಗಳು ಮಳೆಗಾಲ ಮುಗಿದಾಗಿನಿಂದ ಕರಾವಳಿಯಲ್ಲಿ ಕಾರು ಓಡಿಸುತ್ತಿದ್ದವು. ಶಾನಭಾಗನ ಕಂಪನಿಯ ಕಾರು ಭಟ್ಕಳದಿಂದ ಹೊರಟು ಒಂದೇ ಚಾರ್ಜಿನಲ್ಲಿ ಹಿರೇಗುತ್ತಿ ಮುಟ್ಟಿ, ಅಲ್ಲಿ ಒಂದು ಚಹಾ ಹೋಟೆಲಿನ ಹಿಂದೆ ಮತ್ತೆ ಚಾರ್ಜಾಗಿ ವಾಪಸಾಗುತ್ತಿತ್ತು. ನಾನು ಮುಂದೆ, ತಾನು ಮುಂದೆ ಎಂದು ಇವರು ಓಡಲು ನಮ್ಮ ರಸ್ತೆಯೇ ಬೇಕಿತ್ತೆ? ಇರಲಿ, ಎಂದುಕೊಂಡರು ಹರಿಕಾಂತರು. ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಪಂಚರ ಸಮ್ಮುಖದಲ್ಲಿ ಪಂಚನಾಮೆ. ಮೆಕ್ಯಾನಿಕ್ ಕಾರಿನ ಅಡಿಗೆ ನುಸುಳಿ ಹೊರಬಂದು ಬೆವರು ಒರೆಸಿಕೊಂಡ. ಬ್ರೇಕಿನ ಪೈಪು ಕಿತ್ತುಹೋಗಿತ್ತು. ಮುಂದಿನ ಚಕ್ರ ತಿರುಗಿಸುವ ದಂಡಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿಕೊಂಡಿತ್ತು. ಹಗ್ಗದ ತುದಿಯಲ್ಲಿ ದನದ ಕೊರಳಿಗೆ ಕಟ್ಟುವ ಒಂದು ಗಂಟೆ.

“ಹಳ್ಳಿಯವರಿಂದ ಮಾಡಿಸಿದ್ದಾರೆ, ಅಷ್ಟೇ,” ಎಂದ ಶಾನಭಾಗ.

“ಬ್ರೇಕ್ ಕೀಳುವವನು ಗಂಟೆ ಕಟ್ಟಿ ಊರಿಗೆಲ್ಲ ಸಾರ್ತಾನೇನ್ರಿ?”

ಆದರೂ ಹರಿಕಾಂತರು ಆ ದಿಕ್ಕನ್ನು ಬಿಡಲಿಲ್ಲ. ಭಟ್ಕಳಕ್ಕೆ ಹೋಗಿ ವಿಚಾರಿಸಿದರೆ, ಹೈಬ್ರಿಡ್ಡಿನವರ ಕಾರು ಎಂಜಿನ್ ಬಿಚ್ಚಿ ವಾರದಿಂದ ಗ್ಯಾರೇಜಿನಲ್ಲೇ ಬಿದ್ದಿತ್ತು. ಅವರ ಜನವೂ ಅದರ ಸುತ್ತಲೇ ಇದ್ದರು. ಸತ್ತವನ ಹೆಸರು ಕೇಳಿ ಅವರ ಚಾಲಕ ಕಣ್ಣೀರು ಹಾಕಿದ. ದಾರಿಯಲ್ಲಿ ಸಿಕ್ಕಾಗಲೆಲ್ಲ ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಿದ್ದರಂತೆ.

ಹೆಡ್ ಕಾನ್‌ಸ್ಟೇಬಲ್ ದಾಸ ನಾಯ್ಕ ತಲೆ ಕೆರೆದುಕೊಂಡರು. “ಸಾಹೇಬ್ರೆ, ಹಿರೇಗುತ್ತಿ ಬದಿಗೆ ಬೆಟ್ಟಕ್ಕೆ ದನ ಬಿಡ್ತಾರೆ. ಒಬ್ರ ಮನೆ ಗಂಟೆ ಸದ್ದು ಇನ್ನೊಬ್ರದ್ರ ಹಾಂಗೆ ಇರೂದಿಲ್ಲ. ಕೇಳ್ದವ್ರಿಗೆ ಗೊತ್ತಾತದೆ. ಅಲ್ಲಾಡ್ಸಿ ನೋಡ್ವನಾ?”

ಗುರುವಾರ ಬೆಳಿಗ್ಗೆ ಹರಿಕಾಂತರು ದಾಸ ನಾಯ್ಕರನ್ನೂ ಶಾನಭಾಗನನ್ನೂ ಕರೆದುಕೊಂಡು ಹಿರೇಗುತ್ತಿಯ ಆ ಚಹಾ ಹೋಟೆಲಿಗೆ ಹೋದರು. ದಾಸ ನಾಯ್ಕರು ಅಂಗಳದಲ್ಲಿ ನಿಂತು ಗಂಟೆ ಅಲ್ಲಾಡಿಸಿದರು. ಬೆಂಚಿನ ಮೇಲಿದ್ದವರೆಲ್ಲ ತಂತಮ್ಮ ಗ್ಲಾಸು ನೋಡುತ್ತ ಕೂತರು.

ಆಗ ರಸ್ತೆಯಾಚೆಯಿಂದ ಒಬ್ಬ ಹೆಂಗಸು ಕೋಲು ಊರುತ್ತ ಬಂದಳು. ಅಂಚಿನಲ್ಲಿ ನಿಂತು ಕಿವಿಗೊಟ್ಟು, ಲಾರಿಯೊಂದು ದಾಟಿ ಹೋಗುವವರೆಗೆ ಕಾದು, ನೆಟ್ಟಗೆ ಈಚೆ ನಡೆದುಬಂದಳು. ತೋಳಿನಲ್ಲಿ ಅಬ್ಬಲಿಗೆ ಹೂವಿನ ಬುಟ್ಟಿ. ಎರಡೂ ಕಣ್ಣು ಕಾಣದ ಅವಳ ಮುಖ ಸಂತೋಷದಿಂದ ಅರಳಿತ್ತು.

“ಗೌರಿ ಗಂಟೆ ಅಲ್ದಾ ಅದು! ಎಲ್ಲಿ ಸಿಕ್ತು? ಮೊನ್ನೆಂದ ಕೊಟ್ಟಿಗೇಲಿ ತಡಕಾಡ್ತೇ ಇದ್ದೆ.”

“ಪರಮೇಶ್ವರಕ್ಕಾ, ನೀ ಒಳಗೆ ಬಾ,” ಎಂದ ಹೋಟೆಲಿನವನು ಗಾಬರಿಯಲ್ಲಿ. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು.

“ಗೌರಿ ಯಾರಮ್ಮಾ?” ಹರಿಕಾಂತರು ಕೇಳಿದರು.

“ನಮ್ಮ ದನ. ಹೋದ್ವರ್ಷ ಸತ್ತೋತು. ನೆನಪಿಗೆ ಅದೊಂದೇ ಇದ್ದದ್ದು. ನಮ್ಮನೆಯವ್ರಿಗೆ ಹೇಳ್ಬೇಕು, ಸಿಕ್ತು ಅಂತ.”

ಹೇಳುವ ಅಗತ್ಯ ಬೀಳಲಿಲ್ಲ. ಗಂಟೆಯ ಸದ್ದು ಅವಳ ಗಂಡನಿಗೂ ಕೇಳಿಸಿತ್ತು. ಐವತ್ತು ದಾಟಿದ ಮಾಸ್ತಿ ಪಟಗಾರ ರಸ್ತೆ ದಾಟಿ ಬಂದು, ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ, ಇನ್‌ಸ್ಪೆಕ್ಟರರ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ: “ಅವ್ಳಿಗೆ ಎಂತದೂ ಗೊತ್ತಿಲ್ಲ ಒಡ್ಯಾ. ಕಟ್ಟಿದ್ದು ನಾನು.”

ಹೋಟೆಲಿನ ಹಿಂದೆ, ಕಾರು ಚಾರ್ಜಾಗುತ್ತಿದ್ದ ಜಾಗದಲ್ಲಿ ವಿಚಾರಣೆ ನಡೆಯಿತು.

“ಯಾರು ಕಟ್ಟು ಅಂದದ್ದು?”

“ಯಾರೂ ಇಲ್ಲ.”

“ಮತ್ತೆ ಯಾಕೆ?”

“ಇವ್ಳು ದಿನಾ ಹೂ ಕೊಡೂಕೆ ರಸ್ತೆ ದಾಟ್ತಾಳೆ. ಲಾರಿ, ಬಸ್ಸು ಎಲ್ಲ ಸದ್ದಲ್ಲೇ ಗುರ್ತು. ಈ ಕಾರು ಬಂದದ್ದೇ ಗೊತ್ತಾಗೂದಿಲ್ಲ. ಎರಡು ಸಲ ಸೆರಗು ಸವರ್ಕೊಂಡು ಹೋತು.”

“ಕಂಪನಿಯವರಿಗೆ ಹೇಳಬೇಕಿತ್ತು.”

“ಇವ್ರಿಗೇ ಹೇಳಿದ್ದೆ.” ಮಾಸ್ತಿ ಶಾನಭಾಗನ ಕಡೆ ನೋಡಿದ. “ಸದ್ದಿಲ್ಲದ್ದೇ ನಮ್ಮ ಕಾರಿನ ಹೆಚ್ಚುಗಾರಿಕೆ ಅಂದ್ರು. ಆ ಡ್ರೈವರ್ ಹುಡ್ಗ, ಪಾಪ, ಇಲ್ಲಿ ಬಂದಾಗ ಹಾರ್ನ್ ಹೊಡೀತಿದ್ದ. ಅದೂ ಬೇಡ ಅಂದ್ರಂತೆ. ಅದ್ಕೇ ಮಂಗಳವಾರ ಅಂವ ಊಟಕ್ಕೆ ಕೂತಾಗ ಕಾರಿನಡಿಗೆ ಹೊಕ್ಕು ಗಂಟೆ ಕಟ್ಟಿದೆ.”

ಶಾನಭಾಗ ಬಾಯಿ ತೆರೆದ. “ಸುಮ್ನಿರ್ರಿ!” ಎಂದು ಗದರಿದರು ಹರಿಕಾಂತರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ದಾಸ ನಾಯ್ಕರು ಹಿಂದೆಂದೂ ನೋಡಿರಲಿಲ್ಲ.

“ಹಗ್ಗ ಅಷ್ಟುದ್ದ ಯಾಕೆ ಬಿಟ್ಟೆ ಮಾಸ್ತಿ? ಬಿಗಿಯಾಗಿ ಕಟ್ಟಿದ್ದರೆ ದಂಡಕ್ಕೆ ಸುತ್ತಿಕೊಂಡು ಬ್ರೇಕಿನ ಪೈಪು ಕೀಳ್ತಿರಲಿಲ್ಲ.”

“ಬಿಗಿ ಕಟ್ಟಿರೆ ಕೊರಳು ಉಜ್ತದಲ…” ಎಂದವನು ಅಲ್ಲಿಗೇ ನಿಂತ. ತನ್ನ ಎರಡೂ ಕೈಗಳನ್ನು ನೋಡಿಕೊಂಡ. “ದನಕ್ಕೆ ಕಟ್ಟಿದ ರೂಢಿ ಒಡ್ಯಾ. ಆ ಹುಡ್ಗ ಹೋದ ಅಂತ ಕೇಳ್ದಾಗಿಂದ ನಂಗೆ ಒಂದು ತುತ್ತು ಇಳೀಲಿಲ್ಲ.”

ಮಾಸ್ತಿಯನ್ನು ದಸ್ತಗಿರಿ ಮಾಡಲಾಯಿತು. ಕೊಲ್ಲುವ ಉದ್ದೇಶವಿರಲಿಲ್ಲ, ನಿರ್ಲಕ್ಷ್ಯದಿಂದ ಸಾವು ಎಂದು ಕಲಂ ೩೦೪(ಎ) ಹಾಕಿದರು. ಕಾರಣದ ಬಗ್ಗೆ ಹರಿಕಾಂತರು ಬರೆದದ್ದು ಒಂದೇ ಸಾಲು: ಹೆಂಡತಿಗೆ ಕಾರಿನ ಸದ್ದು ಕೇಳಲಿ ಎಂದು.

ಜೀಪು ಹತ್ತಿಸುವಾಗ ಪರಮೇಶ್ವರಿ ತಡವರಿಸುತ್ತ ಬಂದು ಗಂಡನ ತೋಳು ಹಿಡಿದಳು. ಯಾರೋ ಅವಳಿಗೆ ಎಲ್ಲ ಹೇಳಿದ್ದರು.

“ಗಂಟೆ ಗುರ್ತು ಹೇಳಿದ್ದು ನಾನೇ ಅಲ್ದಾ?”

“ಇಲ್ಲ ಮಾರಾಯ್ತಿ. ನೀ ಬರೂಕೂ ಮೊದ್ಲೇ ಅವ್ರಿಗೆ ಗೊತ್ತಿತ್ತು.”

ಅವಳು ಇನ್‌ಸ್ಪೆಕ್ಟರರ ಕಡೆ ಮುಖ ತಿರುಗಿಸಿದಳು. “ಹೌದಮ್ಮಾ, ಗೊತ್ತಿತ್ತು,” ಎಂದರು ಹರಿಕಾಂತರು.

“ಆತು ಹಾಂಗಾರೆ,” ಎಂದಳು ಪರಮೇಶ್ವರಿ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಜೀಪು ಹೊರಟಿತು. ತಿರುವಿನಲ್ಲಿ ದಾಸ ನಾಯ್ಕರು ಹಿಂತಿರುಗಿ ನೋಡಿದರು. ಅವಳು ಮನೆಗೆ ಹೋಗಲು ರಸ್ತೆಯ ಅಂಚಿಗೆ ಬಂದು ಕಿವಿಗೊಟ್ಟು ನಿಂತಿದ್ದಳು. ಎರಡೂ ಕಡೆ ರಸ್ತೆ ಖಾಲಿಯಿತ್ತು. ಆದರೂ ಅವಳು ದಾಟಲಿಲ್ಲ.