ತನ್ವಿಗೆಂದು ತಗ್ಗಿಸಿದ ಗಿಟಾರ್

ತೀರಿಹೋದ ಅಣ್ಣ ಯತಿನನ ಹಳೇ ಸಸ್ತಾ ಗಿಟಾರನ್ನು ಅವನ ಮಗಳು ತನ್ವಿಗೆಂದು ಐರೋಲಿಯ ನಮ್ಮ ಫ್ಲ್ಯಾಟಿನಲ್ಲಿ ಸರಿಮಾಡುತ್ತಿದ್ದೆ. ತಂತಿ ಬಹಳ ಎತ್ತರದಲ್ಲಿದ್ದು ಅವಳ ಎಳೆ ಬೆರಳುಗಳು ನೋಯುತ್ತಿದ್ದವು. ಒತ್ತಲಾಗದೆ ಅತ್ತು ಬಿಟ್ಟುಬಿಟ್ಟಿದ್ದಳು.

ಆ ಭಾನುವಾರ ಹಳೇ ತಂತಿಗಳನ್ನೆಲ್ಲ ಕತ್ತರಿಸಿ ಎಸೆದು, ಅವು ಕೂರುವ ಮೂಳೆಯ ಪಟ್ಟಿಯನ್ನು ಉಜ್ಜಿ ಉಜ್ಜಿ ತಗ್ಗಿಸಿದೆ. ತೋಳು ಸೋತುಹೋಯಿತು. ಗಿಟಾರಿನ ಒಳಗೆ ಕೈಹಾಕಿದರೆ ಮರ ಬೆಚ್ಚಗಿತ್ತು, ಯಾರೋ ಈಗಷ್ಟೇ ಮಡಿಲಿನಿಂದ ಇಳಿಸಿದ ಹಾಗೆ. ಯೋಚಿಸುವಷ್ಟೂ ತ್ರಾಣವಿರಲಿಲ್ಲ. ಅಲ್ಲೇ ಒರಗಿದೆ.

ಅಡುಗೆಮನೆಯಿಂದ ಬಂದ ಅಮ್ಮನ ದನಿಗೆ ಎಚ್ಚರವಾಯಿತು. "ಎಷ್ಟು ಚಂದ ಬಾರಿಸ್ತಾಳೆ ಮಾರಾಯ್ತಿ! ಥೇಟ್ ಅಪ್ಪನ ಹಾಗೆಯೇ."

ಗಿಟಾರ್ ಅಪ್ಪಿ ಕೂತಿದ್ದ ತನ್ವಿ ನನ್ನತ್ತ ಎಡಗೈ ಚಾಚಿದಳು. "ಅತ್ತೇ, ಅಬ್ ದರ್ದ್ ನಹೀ ಹೋತಾ. ಈಗ ನೋಯೋದೇ ಇಲ್ಲ."

ಅವಳ ಬೆರಳ ತುದಿಗಳಲ್ಲಿ ತಂತಿಯ ಗೆರೆ ಆಳವಾಗಿ, ಕೆಂಪಗೆ ಮೂಡಿತ್ತು. ಹೊಸ ತಂತಿಗಳ ಪ್ಯಾಕೆಟ್ಟನ್ನು ನಾನಿನ್ನೂ ಒಡೆದೇ ಇರಲಿಲ್ಲ.