ಕದಿರಪ್ಪನವರ ಮರದ ಮೀನು

ಚಿಕ್ಕಗಂಗಮ್ಮ ಒಳಗೆ ಬಂದು ಕೂರಲೂ ಒಪ್ಪಲಿಲ್ಲ. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಭಾರತಕ್ಕನ ಬಾಗಿಲ ಪಕ್ಕದಲ್ಲೇ ನಿಂತಳು.

"ನನ್ನ ಮಗ ಕಳ್ಳ ಅಲ್ಲ ಕಣಕ್ಕಾ. ಬೆಳಿಗ್ಗೆ ಟೀ ಅಂಗಡಿ ಮುಂದೆ ಎಲ್ಲರೆದುರಿಗೆ ಅವನ ಜೇಬೆಲ್ಲ ತಡಕವ್ರೆ. ಸುದ್ದಿ ಮುಟ್ಟಿ, ಮಾಲೂರಿನ ಹೆಣ್ಣಿನ ಕಡೆಯೋರು ಮಧ್ಯಾಹ್ನದ ಬಸ್ಸಲ್ಲೇ ನಿಶ್ಚಿತಾರ್ಥಕ್ಕೆ ಬರಬೇಡಿ ಅಂತ ಹೇಳಿಕಳ್ಸವ್ರೆ. ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗವ್ನೆ."

ಭಾರತಕ್ಕ ಮುಳಬಾಗಿಲಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಊರಲ್ಲಿ ಏನಾದರೂ ಕಗ್ಗಂಟಾದರೆ ಜನ ಠಾಣೆಗಿಂತ ಮೊದಲು ಅವರ ಮನೆಗೆ ಬರುತ್ತಿದ್ದರು. ಪಕ್ಕದ ಮನೆಯ ಟೈಲರ್ ಚನ್ನರಾಯಪ್ಪನಾದ ನಾನು ಅಂಥ ಕೆಲಸಕ್ಕೆಲ್ಲ ಅವರ ಜೊತೆಗಿರುತ್ತಿದ್ದೆ. ಇದು ನಡೆದದ್ದು ಎಪ್ಪತ್ತೆಂಟರಲ್ಲಿ.

ಕಳುವಾಗಿದ್ದು ಒಂದು ಮರದ ಮೀನು. ಚಿನ್ನದ ಗಣಿಯ ಬಡಗಿ ವಿಭಾಗದಲ್ಲಿ ದುಡಿದು ಬಂದ ಕದಿರಪ್ಪನವರು ಮನೆಯಲ್ಲೇ ಕೂತು ಇಂಥ ಮೀನುಗಳನ್ನು ಮಾಡುತ್ತಿದ್ದರು. ಹಾಲುವಾಣದ ಮರವನ್ನು ಬೆರಳುದ್ದದ ಮೀನಿನಂತೆ ಕೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಹೊಟ್ಟೆಗೆ ತೂತು ಕೊರೆದು ಸೀಸ ತುಂಬಿ, ಬಣ್ಣ, ವಾರ್ನಿಷ್ ಬಳಿದು ಗಾಳ ಕಟ್ಟುತ್ತಿದ್ದರು. ನೀರಿನಲ್ಲಿ ಎಳೆದರೆ ಅದು ಬಾಲ ಬಡಿಯುವ ಹಾಗೆ ಓಲಾಡಬೇಕು. ಜೀವದ ಮೀನೆಂದು ಕೊರಮೀನು ಬಂದು ಕಚ್ಚಬೇಕು. ಬರುವ ಭಾನುವಾರ ಕೆರೆಯಲ್ಲಿ ಅವರ ಹೊಸ ಮೀನನ್ನು ನೋಡಲು ಬೆಂಗಳೂರಿನಿಂದ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳು ಬರುವವರಿದ್ದರು. ಅಷ್ಟರಲ್ಲಿ ಅದು ಬೀಗ ಹಾಕಿದ್ದ ಪೆಟ್ಟಿಗೆಯಿಂದ ಮಾಯವಾಗಿತ್ತು. ಪೆಟ್ಟಿಗೆಯ ಇನ್ನೊಂದು ಬೀಗದ ಕೈ ಇದ್ದದ್ದು ಅವರ ಶಿಷ್ಯ, ಚಿಕ್ಕಗಂಗಮ್ಮನ ಮಗ ಅಶ್ವತ್ಥಪ್ಪನ ಬಳಿ.

ನಾವು ಹೋದಾಗ ಮೀನುಗಾರರ ಸಂಘದ ಅಧ್ಯಕ್ಷ ದೊಡ್ಡವೆಂಕಟಪ್ಪ ಅಲ್ಲೇ ಇದ್ದ. "ಇನ್ಯಾರ್ ತಗೀತಾರಕ್ಕಾ? ಬೀಗ ಒಡೆದಿಲ್ಲ!" ಎಂದ. ಕದಿರಪ್ಪನವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಳಗಿನಿಂದ ಕಾಫಿ ಲೋಟಗಳನ್ನು ಒಂದೊಂದಾಗಿ, ಎರಡೂ ಕೈಯಲ್ಲಿ ಹಿಡಿದು ತಂದರು. ಆದರೂ ನೆಲಕ್ಕೆಲ್ಲ ಚೆಲ್ಲಿತು. ಪಾಪ, ಚಿಂತೆಗೆ ಹೀಗಾಗಿದೆ ಎಂದುಕೊಂಡೆ.

"ನೀವ್ಯಾಕೆ ಕಾಫಿ ಮಾಡಕ್ಕೆ ಹೋದ್ರಿ? ಮುನಿಯಲ್ಲಮ್ಮ ಇಲ್ವಾ?" ಎಂದರು ಭಾರತಕ್ಕ.

"ಮಗಳ ಬಾಣಂತನಕ್ಕೆ ವಕ್ಕಲೇರಿಗೆ ಹೋಗವ್ಳೆ. ಮನೇಲಿ ನಾನೊಬ್ನೇ."

"ಮೀನು ಇಲ್ಲ ಅಂತ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ ಒಲೆ ಹಚ್ಚಿ, ಸ್ನಾನ ಮುಗಿಸಿ ಬಂದು ನೋಡ್ದೆ."

ಹಲಗೆಯ ಮೇಲೆ ಅರ್ಧ ಆದ ಮೀನೊಂದು ಬಿದ್ದಿತ್ತು. ಅದರ ಹೊಟ್ಟೆಯ ತೂತು ಒಂದು ಪಕ್ಕಕ್ಕೆ ವಾಲಿತ್ತು. ಭಾರತಕ್ಕ ಅದನ್ನು ಎತ್ತಿ ನೋಡಿದರು.

"ಇದು ಅಶ್ವತ್ಥನ ಕೆಲಸವಾ?"

"ಛೆ, ಅವನದು ಉಜ್ಜೋದು, ಬಣ್ಣ ಬಳಿಯೋದು ಅಷ್ಟೇ. ಬೈರಿಗೆ ಹಿಡಿದು ತೂತು ಕೊರೆಯೋದು ನಾನೇ," ಎಂದ ಕದಿರಪ್ಪನವರು ಯಾಕೋ ತಟ್ಟನೆ ಮಾತು ನಿಲ್ಲಿಸಿದರು.

ಭಾರತಕ್ಕ ಹಿತ್ತಲಿಗೆ ನಡೆದರು. ಬದನೆ ಗಿಡಗಳ ಬುಡದಲ್ಲಿ ಬೂದಿ ಹರಡಿತ್ತು. "ನಿನ್ನೆ ಸಂಜೆ ಬಚ್ಚಲ ಒಲೆ ಬಾಚಿ ಹಾಕ್ದೆ," ಎಂದರು ಕದಿರಪ್ಪನವರು. ಬಚ್ಚಲ ಒಲೆಯಲ್ಲಿ ಆ ಬೆಳಗಿನ ಬೂದಿ ಮಾತ್ರ ಇತ್ತು. ಅದನ್ನು ಕಡ್ಡಿಯಲ್ಲಿ ಕೆದಕಿದಾಗ ಕಡಲೆಕಾಳಿನಷ್ಟು ಸೀಸದ ಗಟ್ಟಿ, ಮಸಿ ಹಿಡಿದ ಒಂದು ಗಾಳ ಸಿಕ್ಕವು. ಅಕ್ಕ ನನಗೆ ತೋರಿಸಿ, ಸೆರಗಿನ ತುದಿಗೆ ಕಟ್ಟಿಕೊಂಡರು.

ಮಾರನೆಯ ದಿನ ಎಲ್ಲರನ್ನೂ ಕದಿರಪ್ಪನವರ ಪಡಸಾಲೆಯಲ್ಲಿ ಸೇರಿಸಿದರು. ಅಶ್ವತ್ಥಪ್ಪ ತಾಯಿಯ ಹಿಂದೆ ತಲೆ ತಗ್ಗಿಸಿ ಕೂತಿದ್ದ.

"ಮೀನು ಈ ಮನೆ ಬಿಟ್ಟು ಆಚೆ ಹೋಗೇ ಇಲ್ಲ," ಎಂದು ಭಾರತಕ್ಕ ಸೆರಗಿನ ಗಂಟು ಬಿಚ್ಚಿದರು. "ಬಚ್ಚಲ ಒಲೇಲಿ ಸುಟ್ಟುಹೋಗಿದೆ. ಮರ ಉರಿದುಹೋಯ್ತು, ಸೀಸ, ಗಾಳ ಉಳಿದ್ವು."

"ಸುಟ್ಟೋನೂ ಇವನೇ ಯಾಕಾಗಿರಬಾರದು?" ಎಂದ ದೊಡ್ಡವೆಂಕಟಪ್ಪ.

"ಹಿಂದಿನ ಸಂಜೆ ಒಲೆ ಬಾಚಿತ್ತು. ಇದು ಸಿಕ್ಕಿದ್ದು ಬೆಳಗಿನ ಬೂದೀಲಿ. ಆ ಬೆಂಕಿ ಹಚ್ಚಿದೋರು, ಅದರ ಮುಂದೆ ಕೂತಿದ್ದೋರು ಮನೇಲಿ ಒಬ್ಬರೇ. ಯಾಕೆ ಸುಟ್ರು ಅನ್ನೋದನ್ನ ಆ ಕಾಫಿ ಹೇಳ್ತು, ಪಕ್ಕಕ್ಕೆ ವಾಲಿದ ತೂತು ಹೇಳ್ತು. ಕೈ ನಡುಗಿದ್ರೆ ಬೈರಿಗೆ ನೆಟ್ಟಗೆ ಇಳಿಯಲ್ಲ. ಸೀಸ ಒಂದು ಕಡೆಗಾದ್ರೆ ಮೀನು ನೀರಲ್ಲಿ ಮಗ್ಗುಲಾಗುತ್ತೆ." ಅಕ್ಕನ ದನಿ ತಗ್ಗಿತು. "ಅಣ್ಣಾ, ಈ ನಡುಕ ಕಾಯಿಲೆ. ಅದರಲ್ಲಿ ನಿಮ್ಮ ತಪ್ಪಿಲ್ಲ. ಆದ್ರೆ ಇವನನ್ನ ಕಳ್ಳ ಅಂದಾಗ ಸುಮ್ಮನಿದ್ರಲ್ಲಾ."

ಕದಿರಪ್ಪನವರು ಕೈಗಳನ್ನು ಪಂಚೆಯೊಳಗೆ ಬಚ್ಚಿಟ್ಟುಕೊಂಡರು. "ತೊಟ್ಟೀಲಿ ಬಿಟ್ಟು ನೋಡ್ದೆ ಕಣಮ್ಮಾ. ಸತ್ತ ಮೀನಿನ ಹಾಗೆ ಮಗುಚಿಕೊಳ್ತು. ಕೆರೆ ಏರಿ ಮೇಲೆ ಅಷ್ಟೊಂದು ಜನ ನಿಂತು ಅದನ್ನ ನೋಡ್ತಾರಲ್ಲ ಅಂತ... ಕಳುವಾಯ್ತು ಅಂದ್ರೆ ಮುಗೀತದೆ ಅಂದ್ಕೊಂಡೆ. ಇವನ ತಲೆಗೆ ಬರ್ತದೆ ಅಂತ ಯೋಚಿಸ್ಲಿಲ್ಲ. ಬಂದ ಮೇಲೆ ಬಾಯಿ ಬರ್ಲಿಲ್ಲ."

"ನಂಗೆ ಹೇಳಿದ್ರೆ ಆಗ್ತಿರ್ಲಿಲ್ವಾ ಮೇಸ್ತ್ರೀ?" ಎಂದ ಅಶ್ವತ್ಥಪ್ಪ. ಗುರುವಿನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದ್ದ. ದೊಡ್ಡವೆಂಕಟಪ್ಪ ನೆಲ ನೋಡುತ್ತ, "ಸರಿ, ಇದನ್ನ ಇಲ್ಲಿಗೇ ಬಿಟ್ಬಿಡಾಣ," ಎಂದ.

"ಕಳ್ಳ ಅಂದಿದ್ದು ಬೀದೀಲಿ," ಎಂದಳು ಚಿಕ್ಕಗಂಗಮ್ಮ. "ಅಲ್ಲ ಅನ್ನೋದು ಒಳಮನೇಲಾ?"

ಭಾನುವಾರ ಅಧಿಕಾರಿಗಳು ಬಂದಾಗ ಕದಿರಪ್ಪನವರು ಬರಿಗೈಯಲ್ಲಿ ಏರಿಯ ಮೇಲೆ ನಿಂತು ಎಲ್ಲವನ್ನೂ ತಾವೇ ಹೇಳಿದರು. ಜೇಬು ತಡಕಿದ್ದವರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ದೊಡ್ಡವೆಂಕಟಪ್ಪ ತಾನೇ ಮಾಲೂರಿಗೆ ಹೋಗಿ ಹೆಣ್ಣಿನವರ ಮುಂದೆ ಕೈಮುಗಿದು ಬಂದ.

ಮುರಿದ ಸಂಬಂಧ ಮತ್ತೆ ಕೂಡಿ ನಡೆದ ಅಶ್ವತ್ಥಪ್ಪನ ಮದುವೆಗೆ ಕದಿರಪ್ಪನವರು ಬರಲಿಲ್ಲ. ಕುರುಡುಮಲೆಯ ಗಣೇಶನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದ ಗಂಡ ಹೆಂಡತಿ ನೇರ ಅವರ ಮನೆಗೇ ಹೋದರು. ಭಾರತಕ್ಕನೂ ನಾನೂ ಜೊತೆಗಿದ್ದೆವು. ಬಾಗಿಲು ಹಾಕಿತ್ತು.

"ಹೋಗ್ರಪ್ಪಾ," ಎಂದಿತು ಒಳಗಿನ ದನಿ. "ಯಾವ ಮುಖ ಇಟ್ಕೊಂಡು ಆಶೀರ್ವಾದ ಮಾಡ್ಲಿ?"

ಅಶ್ವತ್ಥಪ್ಪ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತ. ಹುಡುಗಿಯೂ ಅವನ ಪಕ್ಕ ಕೂತಳು. ಬಿಸಿಲು ಜಗಲಿಗೆ ಏರಿತು, ಇಬ್ಬರೂ ಏಳಲಿಲ್ಲ. ಕೊನೆಗೆ ಒಳಗೆ ಅಗುಳಿ ಸರಿದ ಸದ್ದು ಕೇಳಿಸಿತು.